ಬರೇ ಮಣ್ಣಿನಲ್ಲೊಂದು ಹಳದಿ ಕಣ್ಣು

ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ಕೈಗೆ ಬಂದು ಒಂಬತ್ತು ದಿನವಷ್ಟೇ ಆಗಿತ್ತು. ಜಹೀರಾಬಾದ್ ದಾಟಿ ಚಿಂಚೋಳಿ ಕಾಡಿನ ಕಡೆಗೆ ಹೊರಳುವ ರಸ್ತೆಯ ಮಗ್ಗುಲಲ್ಲಿ ಒಂದು ಬೀಳು ನೆಲ. ಜಂಬಿಟ್ಟಿಗೆಯ ಕೆಂಪು ಹರಳು, ಅಲ್ಲೊಂದು ಇಲ್ಲೊಂದು ಬಾರಿ ಕಂಟಿ, ಬೆರಳುದ್ದ ಬೆಳೆಯುವಷ್ಟರಲ್ಲಿ ಒಣಗಿಹೋದ ಹುಲ್ಲು. ಜನವರಿ ತಿಂಗಳು, ಬೆಳಗಿನ ಏಳೂವರೆ. ವ್ಯೂಫೈಂಡರಿಗೆ ಕಣ್ಣು ಹಚ್ಚಿ ಸುಮ್ಮನೆ ನೆಲದ ಮೇಲೆ ಲೆನ್ಸ್ ಆಡಿಸುತ್ತಿದ್ದೆ. ಆಗ ಬರೇ ಮಣ್ಣಿನ ಮೇಲೆ ಪುಟ್ಟ ಬಿಳಿ ಚೌಕವೊಂದು ಮೂಡಿತು. ಹಕ್ಕಿಯ ಕಣ್ಣು ಸಿಕ್ಕರೆ ಮಾತ್ರ ಮೂಡಬೇಕಾದ ಚೌಕ ಅದು. ಅಲ್ಲಿ ಹಕ್ಕಿಯಿಲ್ಲ, ಕಲ್ಲಿದೆ. ಲೆನ್ಸನ್ನು ಆಚೆ ತಿರುಗಿಸಿದೆ, ಚೌಕ ಮಾಯ. ಮತ್ತೆ ಅಲ್ಲಿಗೇ ತಂದೆ, ಚೌಕ ಹಾಜರು; ಅದೇ ಕಲ್ಲಿನ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಜೂಮನ್ನು 600 ಎಂಎಂ ತನಕ ಹಿಗ್ಗಿಸಿದೆ.

ಕಲ್ಲು ರೆಪ್ಪೆ ಬಡಿಯಿತು!

ಮೈಮೇಲೆ ಮುಳ್ಳೆದ್ದವು. ಅದು ಕಲ್ಲುಗೊರವ. ಕೋಳಿಯಷ್ಟು ಗಾತ್ರದ ಹಕ್ಕಿ, ಕುತ್ತಿಗೆಯನ್ನು ನೆಲಕ್ಕೆ ಚಾಚಿ ಚಪ್ಪಟೆಯಾಗಿ ಮಲಗಿತ್ತು. ಬೆನ್ನಿನ ಗೀರು ಗೀರು ಗರಿಗಳು ಹರಳಿನಲ್ಲಿ ಬೆರೆತುಹೋಗಿ, ಹಕ್ಕಿ ಎಲ್ಲಿ ಮುಗಿದು ನೆಲ ಎಲ್ಲಿ ಸುರುವಾಗುತ್ತದೆಂದು ಹೇಳಲು ಬರುವಂತಿರಲಿಲ್ಲ. ಆ ಇಡೀ ಮೈಯಲ್ಲಿ ಬಚ್ಚಿಡಲಾಗದ್ದು ಒಂದೇ: ಅರಿಶಿನ ಕಲಸಿಟ್ಟಂಥ ದೊಡ್ಡ ಹಳದಿ ಕಣ್ಣು. ಇರುಳಿನಲ್ಲಿ ಓಡಾಡಿ ಹುಳು ಹಿಡಿಯುವ ಹಕ್ಕಿಗೆ ಅಷ್ಟು ದೊಡ್ಡ ಕಣ್ಣು ಬೇಕೇ ಬೇಕು. ನಾನು ಆ ಜಾಗದಲ್ಲಿ ಕಾಲು ಗಂಟೆಯಿಂದ ನಿಂತಿದ್ದೆ. ಜೊತೆಗೆ ಬಂದಿದ್ದ ಗೆಳೆಯ ನೀರಿನ ಬಾಟಲಿ ತರಲು ಹೋಗಿ ಬರುವಾಗ ಎರಡು ಸಲ ಅದರ ಪಕ್ಕದಲ್ಲೇ ಹಾದುಹೋಗಿದ್ದ. ನಾವು ಏನೂ ಇಲ್ಲವೆಂದು ಮಾತಾಡಿಕೊಳ್ಳುತ್ತಿದ್ದ ನೆಲ ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿತ್ತು! ನಾನು ಉಸಿರು ಹಿಡಿದುಕೊಂಡಿದ್ದಾಗಲೇ ಚೌಕ ಟಕ್ಕನೆ ಎಡಕ್ಕೆ ಜಿಗಿಯಿತು. ಅಲ್ಲಿ ಇನ್ನೊಂದು ಕಲ್ಲು. ಅದಕ್ಕೂ ಹಳದಿ ಕಣ್ಣು.

ಹೊಸ ಕ್ಯಾಮೆರಾ ಪರೀಕ್ಷಿಸಲು ಕಬಿನಿಗೋ ದಾಂಡೇಲಿಗೋ ಹೋಗುವುದು ವಾಡಿಕೆ. ನಾನು ಬೀದರಿನವನು, ಗಡಿಯಾಚೆಯ ಜಹೀರಾಬಾದ್ ನನಗೆ 30 ಕಿಲೋಮೀಟರ್ ಹತ್ತಿರದ ಸಂತೆಯೂರು. ಅಲ್ಲಿಂದ ನಾರಾಯಣಖೇಡ, ತಾಂಡೂರು ಕೂಡ ದೂರವೇನಲ್ಲ. 1956ರ ನವೆಂಬರ್ 1ರ ತನಕ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರಕ್ಕೆ ಹೋದವು, ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ ಮಾತ್ರ ಈಚೆಗೆ ಉಳಿಯಿತು. ಗೆರೆ ಎಳೆದರೂ ಬೀಗತನ ನಿಲ್ಲಲಿಲ್ಲ. ಆ ಸಂತೆಗಳಲ್ಲಿ ತೆಲುಗು, ಕನ್ನಡ, ದಖನಿ, ಲಂಬಾಣಿ ನಾಲ್ಕೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ನನ್ನ ಅಜ್ಜಿಯ ತವರು ಅತ್ತಲೇ. ಆದರೂ ಐವತ್ತು ವರ್ಷ ನಾನು ಆ ಸೀಮೆಯನ್ನು ಬಸ್ಸಿನ ಕಿಟಕಿಯಿಂದ ಬಯಲು, ಬರೇ ಬಯಲು ಎಂದು ನೋಡಿ ನಿದ್ದೆಹೋದವನು.

ಅದು ಎಂಥ ಬಯಲು! ಇಲ್ಲಿ ಉತ್ತರಕ್ಕೆ ಹರಿದ ಮಳೆನೀರು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ, ದಕ್ಷಿಣಕ್ಕೆ ಹರಿದದ್ದು ಕಾಗಿಣಾ ಸೇರಿ, ಭೀಮೆ ಸೇರಿ, ಕೃಷ್ಣೆಗೆ. ಮೂರು ಊರಿಗೆ ಮೂರು ನೆಲ: ಜಹೀರಾಬಾದಿಗೆ ಕೆಂಪು ಜಂಬಿಟ್ಟಿಗೆ, ನಾರಾಯಣಖೇಡಕ್ಕೆ ಎರೆಯ ಕಪ್ಪು, ತಾಂಡೂರಿಗೆ ಫರ್ಸಿಕಲ್ಲಿನ ನೀಲಿ. ಕ್ಯಾಮೆರಾದ ಬಣ್ಣ ಪರೀಕ್ಷಿಸಬೇಕೆನ್ನುವವನಿಗೆ ಒಂದು ದಿನದ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಬಣ್ಣದ ಹಲಗೆ ಬೇರೆಲ್ಲಿ ಸಿಕ್ಕೀತು?

ಆ ಚೌಕದ ಬಗ್ಗೆ ಹೇಳಲೇಬೇಕು. ನನ್ನ ಹಳೆಯ ಕ್ಯಾಮೆರಾದೊಳಗೆ ಕನ್ನಡಿಯಿತ್ತು. ಗುಂಡಿ ಒತ್ತಿದಾಗ ಕನ್ನಡಿ ಖಟ್ಟನೆ ಮೇಲೇಳುತ್ತಿತ್ತು, ಆ ಸದ್ದಿಗೆ ಹಕ್ಕಿ ಹಾರುತ್ತಿತ್ತು. ಮಿರರ್‌ಲೆಸ್ ಎಂಬ ಹೆಸರೇ ಹೇಳುವಂತೆ ಇದರಲ್ಲಿ ಕನ್ನಡಿಯಿಲ್ಲ. ಬೆಳಕು ಸದಾ ಸೆನ್ಸರಿನ ಮೇಲೆ ಬೀಳುತ್ತಲೇ ಇರುತ್ತದೆ, ಸೆನ್ಸರ್ ಕಂಡದ್ದನ್ನು ಒಳಗಿನ ಪ್ರೊಸೆಸರ್ ಕ್ಷಣಕ್ಷಣಕ್ಕೂ ಜಾಲಾಡುತ್ತದೆ. ಕಣ್ಣು ಎಂದರೆ ಹೇಗಿರುತ್ತದೆಂದು ಅದಕ್ಕೆ ಲೆಕ್ಕವಿಲ್ಲದಷ್ಟು ಚಿತ್ರ ತೋರಿಸಿ ಕಲಿಸಿರುತ್ತಾರೆ. ಮನುಷ್ಯ ಬಯಲು ನೋಡುವಾಗ ಚಲನೆ ಹುಡುಕುತ್ತಾನೆ, ಆಕಾರ ಹುಡುಕುತ್ತಾನೆ. ಅಲುಗದೆ, ಆಕಾರ ಮರೆಸಿ ಕೂತ ಹಕ್ಕಿ ಅವನಿಗೆ ಸಿಗುವುದಿಲ್ಲ. ಯಂತ್ರಕ್ಕೆ ಆ ಮರೆಮಾಚು ಗೊತ್ತೇ ಇಲ್ಲ; ಅದು ದುಂಡಗಿನ ಹೊಳಪೊಂದನ್ನೇ ಹುಡುಕುತ್ತದೆ. ಸಾವಿರಾರು ವರ್ಷ ನರಿಗೂ ಗಿಡುಗಕ್ಕೂ ಬೇಡನಿಗೂ ಸುಳಿವು ಕೊಡದ ಹಕ್ಕಿಯ ಕಣ್ಣನ್ನು ಒಂದು ಬಿಳಿ ಚೌಕ ತೋರಿಸಿಬಿಟ್ಟಿತಲ್ಲ!

ಅವತ್ತು ಮಧ್ಯಾಹ್ನದ ತನಕ ಅದೇ ಬೀಳಿನಲ್ಲಿ ಕಳೆದೆವು. ಅರ್ಧ ಎಕರೆ ಇದ್ದೀತು. ಚೌಕ ಹಿಡಿದುಕೊಟ್ಟ ಕಣ್ಣುಗಳು: ಹಳದಿ ಟಿಟ್ಟಿಭ ಒಂದು, ನೆಲಕ್ಕಂಟಿದ ನೆಲಗುಬ್ಬಿಗಳು ಏಳೋ ಎಂಟೋ, ಒಂದು ಓತಿಕ್ಯಾತ, ಬಾರಿ ಕಂಟಿಯ ಬುಡದಲ್ಲಿ ಕಿವಿ ಮಡಚಿ ಕೂತ ಒಂದು ಮೊಲ. ಮೊಲವನ್ನು ಕಂಡಾಗ ನನಗೆ ಕಣ್ಣಲ್ಲಿ ನೀರು ಬಂತು, ಯಾಕೆಂದು ಹೇಳಲಾರೆ. ಕೇಂದ್ರ ಸರ್ಕಾರ ಹೊರತರುವ ಪಾಳುಭೂಮಿಯ ಭೂಪಟದಲ್ಲಿ ಇಂಥ ಕುರುಚಲು ಬಯಲುಗಳಿಗೆ ಪಾಳು ಎಂಬುದೇ ಹೆಸರು. ಪಾಳು ಅಂತೆ!

ಗಡಿಯ ಈಚೆಗಿರುವ ಚಿಂಚೋಳಿಯ ಕಾಡು ವನ್ಯಧಾಮವಾದದ್ದು 2011ರಲ್ಲಿ, ವಿಸ್ತಾರ ಸುಮಾರು 134 ಚದರ ಕಿಲೋಮೀಟರ್. ಅಲ್ಲಿ ತೋಳ, ಕತ್ತೆಕಿರುಬ ಇವೆ. ತೋಳ ಅರಣ್ಯ ಇಲಾಖೆಯ ಕಲ್ಲು ನೋಡಿ ನಿಲ್ಲುವುದಿಲ್ಲ. ಕುರಿ ಮೇಯುವ ಇಂಥ ಬೀಳುಗಳೂ ಅದರ ಮನೆಯೇ. ನಮಗೆ ಅವತ್ತು ತೋಳ ಕಾಣಲಿಲ್ಲ, ಒಣಗಿದ ಹಳ್ಳದ ಉಸುಕಿನಲ್ಲಿ ಹೆಜ್ಜೆ ಕಂಡವು. ನೀಲಕಂಠ ಮಾತ್ರ ತಂತಿಯ ಮೇಲೆ ಕೂತು ಬೇಕಾದಷ್ಟು ಹೊತ್ತು ಪೋಸು ಕೊಟ್ಟಿತು. ಕರ್ನಾಟಕಕ್ಕೂ ತೆಲಂಗಾಣಕ್ಕೂ ಅದೇ ರಾಜ್ಯಪಕ್ಷಿ. ಆ ಕಡೆ ಪಾಲಪಿಟ್ಟ ಎನ್ನುತ್ತಾರೆ, ದಸರೆಯ ದಿನ ಕಂಡರೆ ಶುಭ. ಗರಿಯ ನೀಲಿಯಲ್ಲಿ ನೀಲಿ ಬಣ್ಣವೇ ಇಲ್ಲವೆಂಬುದು ನಿಮಗೆ ಗೊತ್ತೇ? ಗರಿಯ ಒಳಗಿನ ಸ್ಪಂಜಿನಂಥ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿಯನ್ನಷ್ಟೇ ನಮ್ಮ ಕಡೆಗೆ ಕಳಿಸುತ್ತದೆ. ಇನ್ನು ಕ್ಯಾಮೆರಾದ ಕತೆ: ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜಾಲರಿಯೇ ಇವತ್ತಿಗೂ ಬಹುಪಾಲು ಸೆನ್ಸರುಗಳ ಮೇಲಿದೆ. ಅದರಲ್ಲಿ ಅರ್ಧ ಕಿಂಡಿಗಳು ಹಸಿರಿಗೆ, ಕಾಲು ಕೆಂಪಿಗೆ, ನೀಲಿಗೆ ಸಿಕ್ಕಿದ್ದು ಕಾಲು ಪಾಲು. ಬಣ್ಣವಿಲ್ಲದ ನೀಲಿ, ಕಾಲು ಪಾಲು ಕಿಂಡಿ. ಅಷ್ಟರಲ್ಲೇ ತಂತಿಯ ಮೇಲೆ ಮಳೆ ತೊಳೆದ ಆಕಾಶದ ತುಣುಕೊಂದು ಕೂತಿತ್ತು.

ಜಹೀರಾಬಾದಿನಲ್ಲಿ ಕ್ಯಾಮೆರಾ ಹಿಡಿದು ತಿರುಗುವವನು ಪಸ್ತಾಪುರಕ್ಕೆ ತಲೆಬಾಗದೆ ಹೋಗಬಾರದು. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದು, 1983ರಲ್ಲಿ ಗೆಳೆಯರೊಂದಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದ ಪಿ.ವಿ. ಸತೀಶ್ ನೆಲೆನಿಂತದ್ದು ಇಲ್ಲಿ. ಅವರು 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಇದೇ ಕೆಂಪು ಬೀಳುಗಳಲ್ಲಿ ದಲಿತ ರೈತ ಹೆಣ್ಣುಮಕ್ಕಳ ಸಂಘಗಳು ಜೋಳ, ಸಜ್ಜೆ, ನವಣೆ, ತೊಗರಿ, ಹುರುಳಿಗಳನ್ನು ಒಂದೇ ಹೊಲದಲ್ಲಿ ಬೆಳೆದು ತೋರಿಸಿದವು. 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ಸಂಘಂ ರೇಡಿಯೊ ಸುರು ಮಾಡಿದವು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆದವು. ನನ್ನ ಮೈ ಜುಮ್ಮೆನ್ನಿಸಿದ್ದು ಬೇರೆಯ ಸಂಗತಿ. ಓದು ಬರಹ ಕಲಿಯದ ಈ ಹೆಣ್ಣುಮಕ್ಕಳ ಕೈಗೆ 90ರ ದಶಕದ ಕೊನೆಗೆ ವಿಡಿಯೊ ಕ್ಯಾಮೆರಾ ಬಂತು. ಲೋ ಆ್ಯಂಗಲ್, ಟಾಪ್ ಆ್ಯಂಗಲ್ ಎಂಬ ಮಾತು ಅವರಿಗೆ ಬೇಕಾಗಲಿಲ್ಲ, ತಮ್ಮ ಬಾಳಿನಿಂದಲೇ ಹೆಸರು ಕೊಟ್ಟರು. ಮೇಲಿಂದ ಕೆಳಕ್ಕೆ ನೋಡಿದರೆ ಅದು ‘ಪಟೇಲ್ ಶಾಟ್’, ಊರ ಗೌಡ ಕೆಳಗಿನವರನ್ನು ನೋಡುವ ಬಗೆ. ಕೆಳಗಿಂದ ಮೇಲಕ್ಕೆ ನೋಡಿದರೆ ಜೀತದಾಳು ಧಣಿಯನ್ನು ನೋಡುವ ನೋಟ. ಕಣ್ಣಿನ ಮಟ್ಟಕ್ಕೆ ಕಣ್ಣು ಬಂದರೆ? ಅದು ‘ಸಂಘಂ ಶಾಟ್’, ಸಂಘದಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಮಾತಾಡುವ ಹಾಗೆ.

ನಾನು ಆ ಮಾತನ್ನು ಮೊದಲು ಕೇಳಿದ ರಾತ್ರಿ ನನ್ನ ಹಳೆಯ ಫೋಟೊಗಳನ್ನೆಲ್ಲ ತೆಗೆದು ನೋಡಿದೆ. ಮೂವತ್ತು ವರ್ಷದ ಕೆಲಸ. ನಿಂತು ತೆಗೆದದ್ದು, ಜೀಪಿನಿಂದ ತೆಗೆದದ್ದು, ಮಚಾನಿನಿಂದ ತೆಗೆದದ್ದು. ಒಂದೊಂದೂ ಪಟೇಲ್ ಶಾಟ್.

ಹಾಗಾಗಿ ಫೆಬ್ರುವರಿಯಲ್ಲಿ ನಾರಾಯಣಖೇಡಕ್ಕೆ ಹೋದಾಗ ಮಲಗಿಬಿಟ್ಟೆ. ಇನ್ನೂ ನಸುಕು, ಮಾಂಜ್ರಾ ಕಡೆಯಿಂದ ಮಂಜು ತೆವಳಿಕೊಂಡು ಬರುತ್ತಿತ್ತು. ಕಡಲೆ ಕಿತ್ತ ಎರೆಹೊಲ, ಆಚೆ ತೆನೆಕಟ್ಟಿದ ಬಿಳಿಜೋಳ, ಬದುವಿನುದ್ದಕ್ಕೆ ಕುಸುಬೆಯ ಮುಳ್ಳು. ಈ ಕ್ಯಾಮೆರಾದ ಸ್ಕ್ರೀನು ಹೊರಕ್ಕೆ ಮಡಚಿಕೊಳ್ಳುತ್ತದೆ. ಆದ್ದರಿಂದ ಲೆನ್ಸನ್ನು ಹೆಂಟೆಯ ಮೇಲೆ ಇಟ್ಟು, ಗದ್ದ ನೆಲಕ್ಕೂರಿ ನೋಡಬಹುದು. ಒದ್ದೆ ಎರೆಮಣ್ಣಿನ ವಾಸನೆ ಮೂಗಿಗೆ ತುಂಬಿತು. ದಾರಿಯಲ್ಲಿ ಹೊರಟ ರೈತರೊಬ್ಬರು ಗಾಬರಿಯಾಗಿ ಓಡಿಬಂದರು.

“ಏನಾಯ್ತ್ರಿ ಅಣ್ಣಾರ? ಬಿದ್ದೀರೇನು? ಹಾವ್ ಗೀವ್ ಕಡೀತೇನು?”

“ಇಲ್ರಿ ಕಾಕಾ, ಚಿಗರಿ ನೋಡ್ಲಕತ್ತೀನಿ.”

“ಚಿಗರಿ ನೋಡ್ಲಾಕ ಮಲಗ್ಬೇಕೇನ್ರಿ? ನಮ್ಮ ಕಡ್ಲಿ ತಿನ್ಲಾಕ ದಿನಾ ಬರ್ತಾವ, ನಿಂತೇ ನೋಡ್ತೀವಿ.” ಹಾಗೆಂದರೂ ಅವರು ಟವೆಲು ಹಾಸಿ ನನ್ನ ಪಕ್ಕದಲ್ಲಿ ಕೂತರು. ಆಮೇಲೆ ತಾವೂ ಮಲಗಿದರು.

ಚಿಗರಿಗಳು ಮಂಜಿನೊಳಗಿಂದ ಬಂದವು. ಮೊದಲು ಕಂಡದ್ದು ಕೊಂಬು, ತಿರುಪು ತಿರುಪಾಗಿ ಮೇಲೇರಿದ ಎರಡು ಕೊಂಬು, ಕೆಳಗೆ ಮೈಯೇ ಇಲ್ಲ. ಆಮೇಲೆ ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಸುಣ್ಣ ಬಳಿದಂಥ ಉಂಗುರ. ಹಿಂದೆ ಹನ್ನೊಂದು ಹೆಣ್ಣು. ನೆಲದ ಮಟ್ಟದಿಂದ ಅವು ಎಷ್ಟು ಎತ್ತರ! ರಾಣೆಬೆನ್ನೂರಿನಲ್ಲಿ, ಬೀದರಿನ ಹೊನ್ನಿಕೇರಿಯಲ್ಲಿ ನೂರಾರು ಸಲ ನೋಡಿದ ಪ್ರಾಣಿ ಅದು. ನಾನು ನಿಂತು ನೋಡಿದ್ದಾಗೆಲ್ಲ ಅದರ ಹಿನ್ನೆಲೆಗೆ ಹೊಲ ಇರುತ್ತಿತ್ತು. ಮಲಗಿ ನೋಡಿದರೆ ಹಿನ್ನೆಲೆಗೆ ಇಡೀ ಆಕಾಶ. ಗಂಡು ನಮ್ಮತ್ತ ತಿರುಗಿತು. ಚೌಕ ಅದರ ಕಣ್ಣಿನ ಮೇಲೆ ನಿಂತಿತು, ಕಣ್ಣೊಳಗೆ ಹುಟ್ಟುತ್ತಿದ್ದ ಸೂರ್ಯ ಒಂದು ಸಾಸಿವೆ ಕಾಳಿನಷ್ಟಿದ್ದ. ನಾನು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಒತ್ತುತ್ತಲೇ ಹೋದೆ. ಅದು ಕಿವಿಯನ್ನೂ ಅಲುಗಿಸಲಿಲ್ಲ.

ಆಮೇಲೆ ಅದು ಜಿಗಿಯಿತು. ಯಾಕೆಂದು ತಿಳಿಯದು, ದೂರದಲ್ಲಿ ನಾಯಿ ಬೊಗಳಿತೇನೋ. ಒಂದು, ಅದರ ಹಿಂದೆ ಇನ್ನೊಂದು, ಸಾಲಿಗೆ ಸಾಲೇ ನೆಲಬಿಟ್ಟು ಎದ್ದಿತು. ನಾನು ಗುಂಡಿ ಒತ್ತಿದ್ದು ತಡವಾಗಿತ್ತು, ಖಂಡಿತ ತಡವಾಗಿತ್ತು. ಆದರೆ ಈ ಕ್ಯಾಮೆರಾದಲ್ಲಿ ಇನ್ನೊಂದು ಸೋಜಿಗವಿದೆ: ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ ಅದು ಕಳೆದ ಅರೆಕ್ಷಣದ ಚಿತ್ರಗಳನ್ನು ಒಳಗೆ ಹಿಡಿದಿಟ್ಟುಕೊಂಡೇ ಇರುತ್ತದೆ. ಪೂರ್ತಿ ಒತ್ತಿದ ಕೂಡಲೇ, ಒತ್ತುವುದಕ್ಕೆ ಮುಂಚಿನದ್ದನ್ನೂ ಕೊಡುತ್ತದೆ. ನಾನು ತೆಗೆಯದ ಫೋಟೊಗಳು ಅಲ್ಲಿದ್ದವು! ಮಡಚಿದ ಮುಂಗಾಲು, ಬಿಲ್ಲಿನಂತೆ ಬಾಗಿದ ಬೆನ್ನು, ನಾಲ್ಕೂ ಗೊರಸು ಗಾಳಿಯಲ್ಲಿ, ಗೊರಸಿನಿಂದ ಉದುರುತ್ತಿರುವ ಎರೆಮಣ್ಣಿನ ಮೂರು ಉಂಡೆ. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುತ್ತವೆ ಎಂದು ತೋರಿಸಲು 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ಹೂಡಬೇಕಾಯಿತು. ನಮ್ಮ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರ ಕಾಲದ ಫಿಲ್ಮ್ ರೋಲಿನಲ್ಲಿ 36 ಚಿತ್ರ. ಅಷ್ಟನ್ನು ಇದು ಎರಡು ಸೆಕೆಂಡಿನಲ್ಲಿ ಮುಗಿಸುತ್ತದೆ. ಆ 36ರೊಳಗೆ ಅವರು ಕಾದು, ತೂಗಿ, ಉಸಿರು ಬಿಗಿಹಿಡಿದು ತೆಗೆದ ಚಿತ್ರಗಳ ಮೇಲಿನ ನನ್ನ ಗೌರವ ಈ ಹೊಲದಲ್ಲಿ ಮಲಗಿದಾಗ ಇಮ್ಮಡಿಯಾಯಿತು. ಕಾಕಾ ಸ್ಕ್ರೀನಿನಲ್ಲಿ ಆ ಜಿಗಿತವನ್ನು ಮತ್ತೆ ಮತ್ತೆ ನೋಡಿದರು. ಕಡಲೆಯ ಮಾತು ಮತ್ತೆ ಎತ್ತಲಿಲ್ಲ. ಅವರಿಗಾದ ನಷ್ಟ ನಷ್ಟವೇ, ಅದನ್ನು ನನ್ನ ಫೋಟೊ ತುಂಬಿಕೊಡಲಾರದು.

ಒಂಬತ್ತು ಗಂಟೆಗೆಲ್ಲ ಎರೆ ಕಾದು ಬಿಸಿಗಾಳಿ ನಡುಗತೊಡಗಿತು. ಹೀಗಾದರೆ ಎಂಥ ಲೆನ್ಸಿನಲ್ಲೂ ದೂರದ ಚಿತ್ರ ಅಲೆಯಾಡಿ ಕಲಸಿಹೋಗುತ್ತದೆ. ಅದಕ್ಕೆ ದುಡ್ಡಿನಲ್ಲಿ ಪರಿಹಾರವಿಲ್ಲ, ಹತ್ತಿರ ಹೋಗಬೇಕು ಅಷ್ಟೆ. ಹೊಲದ ಕೃಷಿಹೊಂಡದ ಬಳಿ ಮಲಗಿದೆ. ಅಲ್ಲಿಗೆ ಕಲ್ಲುಗೌಜಲಗಳು ನೀರಿಗೆ ಬಂದವು, ಪಾರಿವಾಳದ ಗಾತ್ರದ, ಮಣ್ಣಿನದೇ ಬಣ್ಣದ ಹಕ್ಕಿಗಳು. ಒಂದು ಗಂಡು ಕುಡಿದಾದ ಮೇಲೂ ಹೋಗಲಿಲ್ಲ. ನೀರಿಗಿಳಿದು ಹೊಟ್ಟೆಯನ್ನು ಅದ್ದಿ ತೊಟ್ಟಿಲಿನಂತೆ ತೂಗಿತು. ನನಗೆ ಎದೆ ಡವಡವ ಎಂದಿತು, ಯಾಕೆಂದರೆ ಇದನ್ನು ಓದಿದ್ದೆ, ಕಂಡಿರಲಿಲ್ಲ. ಅದರ ಹೊಟ್ಟೆಯ ಗರಿಗಳು ಸುರುಳಿ ಬಿಚ್ಚಿಕೊಂಡು ನೀರು ಹೀರುತ್ತವೆ. ಆ ನೀರು ಹೊತ್ತು ಅದು ಮೈಲುಗಟ್ಟಲೆ ಹಾರಿ ಮರಿಗಳ ಎದುರು ನಿಲ್ಲುತ್ತದೆ, ಮರಿಗಳು ಅಪ್ಪನ ಹೊಟ್ಟೆಯ ಗರಿ ಚೀಪಿ ದಾಹ ತೀರಿಸಿಕೊಳ್ಳುತ್ತವೆ. ಮೀಡ್-ವಾಲ್ಡೊ ಎಂಬ ಇಂಗ್ಲಿಷ್ ಪಕ್ಷಿಪ್ರೇಮಿ 1896ರಲ್ಲೇ ಇದನ್ನು ಬರೆದಾಗ ನಂಬದವರೇ ಹೆಚ್ಚು. 1967ರಲ್ಲಿ ಕೇಡ್ ಮತ್ತು ಮ್ಯಾಕ್ಲೀನ್ ಎಂಬ ವಿಜ್ಞಾನಿಗಳು ಒಪ್ಪುವಂತೆ ತೋರಿಸುವ ತನಕ ಅನುಮಾನ ಹೋಗಲಿಲ್ಲ. ನನ್ನ ಚಿತ್ರದಲ್ಲಿ ಆ ಹಕ್ಕಿ ಮೇಲೇಳುವಾಗ ಹೊಟ್ಟೆಯಿಂದ ಐದು ಹನಿ ಬೀಳುತ್ತಿವೆ. ಉಳಿದ ನೀರು ಹೋಯಿತು, ಎಲ್ಲೋ ಬಿಸಿಲಲ್ಲಿ ಕಾಯುತ್ತಿದ್ದ ಬಾಯಿಗಳಿಗೆ.

ಸಂಜೆಗೆ ಸಿಂಗೂರು ಜಲಾಶಯದ ಹಿನ್ನೀರು. 29.91 ಟಿಎಂಸಿ ಹಿಡಿಯುವ ಅಣೆಕಟ್ಟು ಅದು, ಕೆಳಗೆ ಮೊಸಳೆಗಳಿಗೆಂದೇ ಹೆಸರಾದ ಮಾಂಜ್ರಾ ವನ್ಯಧಾಮ. ಹಿಮಾಲಯವನ್ನು ಹಾರಿ ದಾಟಿ ಬಂದ ಗೀರುತಲೆ ಹೆಬ್ಬಾತುಗಳು ಕೆಂಪು ನೀರಿನ ಮೇಲೆ ಇಳಿದವು, ಗದಗಿನ ಮಾಗಡಿ ಕೆರೆಗೆ ಇಳಿಯುವವೇ. ನಾನು ಫೋಟೊ ತೆಗೆಯುವುದನ್ನು ಮರೆತೆ.

ತಾಂಡೂರಿಗೆ ಹೋದದ್ದು ಮಾರ್ಚ್ ಮೊದಲ ವಾರ. ನಮ್ಮ ಮನೆಯ ನೆಲ, ನಿಮ್ಮ ಮನೆಯ ನೆಲ, ಬಸ್‌ಸ್ಟ್ಯಾಂಡಿನ ನೆಲ ಎಲ್ಲ ಅಲ್ಲಿಂದಲೋ ಅದರ ಬಳಗದ ಶಹಾಬಾದಿನಿಂದಲೋ ಬಂದ ಕಲ್ಲು. ಊರ ಸುತ್ತ ಖಣಿಗಳು. ಹೊಲಕ್ಕೆ ಬೇಲಿ ಬೇಕೆಂದರೆ ಅಲ್ಲಿ ಮುಳ್ಳು ಹಚ್ಚುವುದಿಲ್ಲ, ಫರ್ಸಿಯನ್ನೇ ಸಾಲಾಗಿ ನೆಟ್ಟುಬಿಡುತ್ತಾರೆ. ಕಪ್ಪು ಮಣ್ಣಲ್ಲಿ ಬೆಳೆದ ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಬಂತು, ಅದರ ಕಟ್ಟಿಗೆ ಇನ್ನೂ ಹೊಲದಲ್ಲಿ ರಾಶಿಬಿದ್ದಿತ್ತು. ಅನಂತಗಿರಿ ಗುಡ್ಡದಲ್ಲಿ ಹುಟ್ಟಿದ ಕಾಗಿಣಾ ಇಲ್ಲಿಂದ ಪಶ್ಚಿಮಕ್ಕೆ ಸೇಡಂ ದಾಟಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬುಡ ತೊಳೆದು ಭೀಮೆಗೆ ಹೋಗುತ್ತದೆ. ಅಮೋಘವರ್ಷನ ಆಸ್ಥಾನದವರು ಕುಡಿದದ್ದು ತಾಂಡೂರಿನ ಕಡೆಯಿಂದ ಹರಿದುಬಂದ ನೀರು!

ಕೆಲಸ ನಿಂತ ಹಳೆಯ ಖಣಿಯೊಂದರ ಅಂಚಿನಲ್ಲಿ ಸಂಜೆ ನಿಂತೆ. ಕೆಳಗೆ ಹಸಿರು ನೀರು, ಎದುರಿಗೆ ಪದರ ಪದರವಾಗಿ ಕೊರೆದ ಗೋಡೆ. ಪುಸ್ತಕವನ್ನು ಅಡ್ಡ ಇಟ್ಟು ಹಾಳೆಯ ಅಂಚು ನೋಡಿದ ಹಾಗೆ. ಒಂದು ಪದರ ನೀಲಿ, ಒಂದು ಬೂದಿ, ಒಂದು ಹಳದಿ. ಬೀದರ್, ನಾರಾಯಣಖೇಡದ ಕಪ್ಪು ಬಸಾಲ್ಟಿಗೆ ಸುಮಾರು 6.6 ಕೋಟಿ ವರ್ಷ. ಅದೇ ಹಳತೆಂದು ನಾನು ಭಾವಿಸಿದ್ದೆ. ಈ ಸುಣ್ಣಕಲ್ಲು ಕೆಸರಾಗಿ ಕಡಲ ತಳದಲ್ಲಿ ಕೂತಾಗ ಭೂಮಿಯ ಮೇಲೆ ಕಣ್ಣುಳ್ಳ ಪ್ರಾಣಿಯೇ ಹುಟ್ಟಿರಲಿಲ್ಲ. ನಮಗೆ ಸಿಕ್ಕಿರುವ ಅತಿ ಹಳೆಯ ಕಣ್ಣುಗಳು ಟ್ರೈಲೊಬೈಟ್ ಎಂಬ ಕಡಲಜೀವಿಗಳವು, ಸುಮಾರು 52 ಕೋಟಿ ವರ್ಷದವು. ಕಡಲಿತ್ತು, ಬಿಸಿಲಿತ್ತು, ಅಲೆ ಹೊಳೆಯುತ್ತಿತ್ತು, ನೋಡುವವರು ಯಾರೂ ಇರಲಿಲ್ಲ. ಆ ಗೋಡೆಯ ಮೇಲೆ ಲೆನ್ಸ್ ಆಡಿಸಿದೆ. ಚೌಕ ಹುಡುಕಿತು, ಹುಡುಕಿತು, ಎಲ್ಲೂ ನಿಲ್ಲಲಿಲ್ಲ.

ಬೆಳಕು ಇಳಿಯಿತು. ಐಎಸ್‌ಒ 3200, 6400, 12800. ಹಳೆಯ ಕ್ಯಾಮೆರಾದಲ್ಲಿ ಇಷ್ಟಕ್ಕೆ ಹೋದರೆ ಚಿತ್ರದ ತುಂಬ ರವೆ ಚೆಲ್ಲಿದಂತಾಗುತ್ತಿತ್ತು. ಎಲ್ಲ ಬಣ್ಣವೂ ಬೂದಿಯಾಗುವ ಹೊತ್ತಿಗೆ, ಮೇಲಿನಿಂದ ಮೂರನೇ ಪದರದ ಅಟ್ಟೆಯಲ್ಲಿ ಚೌಕ ಗಪ್ಪನೆ ನಿಂತಿತು. ಒಂದಲ್ಲ, ಎರಡು ಕೆಂಡ. ಕೊಂಬಿನ ಗೂಬೆ! ಕಲ್ಲಿನ ಗೀರಿನೊಳಗೆ ಕಲ್ಲಾಗಿ ಕೂತಿತ್ತು, ಕಿತ್ತಳೆ ಕಣ್ಣು ನನ್ನ ಕಡೆಗೇ. ಖಣಿಯಾಚೆಯಿಂದ ನೋಡುತ್ತಿದ್ದ ನಾನೂ ಅದೂ ಒಂದೇ ಎತ್ತರದಲ್ಲಿದ್ದೆವು. ಸಂಘಂ ಶಾಟ್ ಎಂದು ಬಾಯಿಬಿಟ್ಟೇ ಹೇಳಿದೆನೇನೋ. ನಾಲ್ಕೇ ಚಿತ್ರ ತೆಗೆದೆ. ಹತ್ತಿರ ಹೋಗಲಿಲ್ಲ, ಟಾರ್ಚ್ ಹಾಕಲಿಲ್ಲ.

ಹಿಂದೆ ಕಾಲುಸಪ್ಪಳವಾಯಿತು. ಪಾಲಿಶ್ ಮಿಷನ್ನಿನ ಕೆಲಸ ಮುಗಿಸಿ ಹೊರಟ ಹೆಣ್ಣುಮಗಳು, ಸೀರೆಯ ಮೇಲೆಲ್ಲ ಕಲ್ಲಿನ ಬಿಳಿ ಪುಡಿ. ಸೇಡಂ ಕಡೆಯವರು, ಮಾತು ನಮ್ಮದೇ.

“ಏನ್ ತೆಗೀಲಕತ್ತೀರಿ ಅಣ್ಣಾ ಕತ್ತಲದಾಗ?”

ಸ್ಕ್ರೀನ್ ತೋರಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದರು. “ಯವ್ವಾ! ರಾತ್ರಿಯೆಲ್ಲಾ ಕೂಗೋದು ಇದಾ ಏನ್ರಿ? ಎಂಟು ವರ್ಷ ಆಯ್ತು, ಧ್ವನಿ ಕೇಳೀನಿ, ಮುಖ ನೋಡಿದ್ದಿಲ್ಲ.” ಗುಂಡಿ ತಿರುವಿ ಚಿತ್ರ ದೊಡ್ಡದು ಮಾಡುವುದನ್ನು ತೋರಿಸಿಕೊಟ್ಟೆ. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಕೂಸಿನಂತೆ ಹಿಡಿದು ಗೂಬೆಯ ಕಣ್ಣು, ಕೊಕ್ಕು, ಎದೆಯ ಗರಿ ಎಲ್ಲವನ್ನೂ ನಿಧಾನಕ್ಕೆ ನೋಡುತ್ತ ಹೋದರು. ಚಿತ್ರದ ಅಂಚಿನ ಕತ್ತಲೆಗೆ ಬಂದು ನಿಂತರು. ಅಲ್ಲಿ ಏನೂ ಇರಲಿಲ್ಲ, ಬೂದು ಕಲ್ಲಿತ್ತು. ಕ್ಯಾಮೆರಾ ಕೂಡ ಅಲ್ಲಿ ಚೌಕ ತೋರಿಸಿರಲಿಲ್ಲ.

“ಅಣ್ಣಾ,” ಅಂದರು ಪಿಸುಮಾತಿನಲ್ಲಿ, “ಇಲ್ ನೋಡ್ರಿ. ಎರಡು ಮರಿ ಅವ. ಕಣ್ಣು ಮುಚ್ಚಿ ಮಲಗ್ಯಾವ.”